ಅಚ್ಚೊತ್ತಿದ ಕಲ್ಲಿನ ಕೋಸ್ಟರ್‌ಗೆ ನೀರಿನ ಟೂ-ಪ್ಯಾಕ್ ಪಿಯು: ಪುಣೆಯಲ್ಲಿ ಮೂರು ಮಳೆಗಾಲದ ಬಳಕೆಯ ನಂತರ

ರಬ್ಬರ್ ಅಚ್ಚಿನಿಂದ ಚಿತ್ತಾರ ಒತ್ತಿದ ಕಲ್ಲಿನ ಕೋಸ್ಟರ್‌ಗೆ, ಅಂದರೆ ಲೋಟದಡಿ ಇಡುವ ಬಿಲ್ಲೆಗೆ, ಯಾವ ಸೀಲರ್ (ಕಾಪಾಡುವ ಲೇಪ) ಬಳಿಯಬೇಕು ಎಂದು ಕೇಳುವವರಿಗೆ ಈಗ ನನ್ನ ಉತ್ತರ ಒಂದೇ: ನೀರಿನ ಬೇಸ್‌ನ ಟೂ-ಪ್ಯಾಕ್ ಪಿಯು (ಪಾಲಿಯುರೆಥೇನ್), ಹೊಳಪಿಲ್ಲದ ಮ್ಯಾಟ್ ಫಿನಿಶ್. ಮರದ ಫರ್ನಿಚರ್‌ಗೆಂದು ಪೇಂಟ್ ಅಂಗಡಿಯಲ್ಲಿ ಸಿಗುತ್ತದಲ್ಲ, ಒಂದು ಡಬ್ಬಿ ಪಿಯು, ಜೊತೆಗೆ ಪುಟ್ಟ ಬಾಟಲಿಯಲ್ಲಿ ಹಾರ್ಡನರ್, ಅದೇ. ಮೂರು ಮಳೆಗಾಲ, ಮೂರು ಬೇಸಿಗೆ ದಿನಾ ಕಾಫಿ-ಚಹಾ ಹೊತ್ತ ಕೋಸ್ಟರ್‌ಗಳನ್ನು ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಐದಕ್ಕೆ ನಾಲ್ಕು ಅಂಕ. ಕಡಿಮೆಯಾದ ಒಂದು ಅಂಕ ಹಾರ್ಡನರ್ ಬಾಟಲಿಯ ಆಯುಷ್ಯಕ್ಕೆ.

ಕೋಸ್ಟರ್‌ಗೆ ನಿಜವಾದ ಶತ್ರು ನೀರಲ್ಲ, ಬಿಸಿ. ಅದರಲ್ಲೂ ನಮ್ಮ ಮನೆಗಳ ಸ್ಟೀಲ್ ಲೋಟ. ಪಿಂಗಾಣಿ ಕಪ್ಪಿನ ದಪ್ಪ ತಳ ಬಿಸಿಯನ್ನು ತಡೆದು ತಡೆದು ಬಿಡುತ್ತದೆ. ತೆಳು ಸ್ಟೀಲ್ ಒಳಗಿನ ಕಾಫಿಯ ಬಿಸಿಯನ್ನು ಹಾಗೇ ಕೆಳಗಿಳಿಸುತ್ತದೆ. ಸ್ಪ್ರೇ ಡಬ್ಬಿಯ ಅಕ್ರಿಲಿಕ್ ವಾರ್ನಿಷ್ ಅಷ್ಟು ಬಿಸಿಗೆ ಮೆತ್ತಗಾಗಿ ಲೋಟದ ತಳಕ್ಕೆ ಅಂಟುತ್ತದೆ, ಲೋಟ ಎತ್ತಿದಾಗ ಅಚ್ಚಿನ ಕಪ್ಪು ಗೆರೆಯೂ ಅದರ ಜೊತೆ ಏಳುತ್ತದೆ. ಕಾಗದದ ಚಿತ್ರ ಅಂಟಿಸುವ ಡೆಕೂಪಾಜ್ ಅಂಟು ಒದ್ದೆಯಾದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಕ್ರಾಫ್ಟ್ ಎಪಾಕ್ಸಿ ಗಾಜಿನಂತೆ ಹೊಳೆದರೂ ಬಿಸಿ ತಳದ ಉಂಗುರ ಅದರಲ್ಲಿ ಕೂರುತ್ತದೆ, ಬಿಸಿಲು ಬೀಳುವ ಕಡೆ ಹಳದಿಯೂ ಆಗುತ್ತದೆ. ಟೂ-ಪ್ಯಾಕ್ ಪಿಯುನಲ್ಲಿ ಹಾರ್ಡನರ್ ರಾಳದ ಎಳೆಗಳನ್ನು ಒಂದಕ್ಕೊಂದು ಹೆಣೆದುಬಿಡುತ್ತದೆ. ಹೆಣೆದದ್ದು ಬಿಸಿಗೆ ಸುಲಭಕ್ಕೆ ಸಡಿಲವಾಗುವುದಿಲ್ಲ. ಇಷ್ಟೂ ಮಾತು ನಿಂತಿರುವುದು ಅದರ ಮೇಲೆ.

ಕಲ್ಲು ಯಾವುದಾದರೂ ಸರಿ, ಒಳಗೆ ಒಣಗಿರಬೇಕು. ಪುಣೆಯಲ್ಲಿ ಶಹಾಬಾದಿ ಫರ್ಶಿ (ನೆಲಕ್ಕೆ ಹಾಸುವ ಕಲ್ಲು) ಗೊತ್ತಿಲ್ಲದವರಿಲ್ಲ, ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದಿನ ಹೆಸರು ಹೊತ್ತ ಸುಣ್ಣದಕಲ್ಲು. ಅದರ ಬೂದು ಬಣ್ಣದ ಮೇಲೆ ಕಪ್ಪು ಇಂಕಿನ ಕಸೂತಿ ಗೋಪುರ, ತೇರು, ನವಿಲು ಬಹಳ ಚೆನ್ನಾಗಿ ಕೂರುತ್ತವೆ. ಆದರೆ ಭಾರ ನೋಡಿ: 100 × 100 ಮಿ.ಮೀ. ತುಂಡು 20 ಮಿ.ಮೀ. ದಪ್ಪವಿದ್ದರೆ ಅರ್ಧ ಕಿಲೋ ದಾಟುತ್ತದೆ. 10 ಮಿ.ಮೀ. ದಪ್ಪದ ಮಾರ್ಬಲ್ ಟೈಲ್ ಸುಮಾರು 270 ಗ್ರಾಂ. ಪಾಲಿಶ್ ಮಾಡಿದ ಮೇಲ್ಮೈ ಬೇಡ, ಅಚ್ಚು ಜಾರುತ್ತದೆ, ಪಿಯುಗೂ ಹಿಡಿತ ಸಿಗುವುದಿಲ್ಲ.

ಕತ್ತರಿಸಿದ ಅಂಚನ್ನು 120, 220, 400 ನಂಬರಿನ ವಾಟರ್ ಪೇಪರ್‌ನಲ್ಲಿ (ಉಜ್ಜುವ ಕಾಗದ) ಇದೇ ಕ್ರಮದಲ್ಲಿ, ನೀರು ಹಾಕಿಕೊಂಡೇ ಉಜ್ಜಿ. ಒಣ ಉಜ್ಜಿದರೆ ಕಲ್ಲಿನ ಧೂಳು ಎದೆಗಿಳಿಯುತ್ತದೆ. ಆಮೇಲೆ ಪಾತ್ರೆ ತೊಳೆಯುವ ದ್ರವದಿಂದ ತೊಳೆಯಿರಿ. ಟಾಯ್ಲೆಟ್ ಕ್ಲೀನರ್, ನಿಂಬೆಹುಳಿ ಹತ್ತಿರ ತರಬೇಡಿ. ಸುಣ್ಣದಕಲ್ಲು, ಮಾರ್ಬಲ್ ಎರಡೂ ಆಮ್ಲಕ್ಕೆ ನೊರೆಯೆದ್ದು ಕರಗುತ್ತವೆ. ಎರಡು ದಿನ ನೆರಳಲ್ಲಿ ಒಣಗಿಸಿ, ತಣ್ಣನೆಯ ಓಟಿಜಿ ಓವನ್‌ನಲ್ಲಿಟ್ಟು 100 ಡಿಗ್ರಿಗೆ ಏರಿಸಿ, ಒಂದು ತಾಸು ಬಿಟ್ಟು ಆರಿಸಿ. ಬಾಗಿಲು ತೆರೆಯದೆ ಒಳಗೇ ತಣಿಯಲಿ, ಇಲ್ಲವಾದರೆ ಕಲ್ಲು ಬಿರುಕು ಬಿಡಬಹುದು. ಸಂದೇಹವಿದ್ದರೆ ಒಂದು ತುಂಡನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಗೆ ಮಂಜು ಕಟ್ಟಿದ್ದರೆ ಇನ್ನೂ ಒಣಗಿಲ್ಲ ಎಂದೇ ಅರ್ಥ. ಹಸಿ ಕಲ್ಲಿನ ಮೇಲೆ ಪಿಯು ಬಳಿದರೆ ಒಳಗಿನ ತೇವ ಮೊದಲ ಬಿಸಿ ಲೋಟಕ್ಕೇ ಪದರದಡಿ ಬಿಳಿ ಮೋಡವಾಗಿ ನಿಲ್ಲುತ್ತದೆ. ಅದನ್ನು ಒರೆಸಿ ತೆಗೆಯಲಾಗದು, ಉಜ್ಜಿ ಮತ್ತೆ ಮೊದಲಿಂದ ಶುರು ಮಾಡಬೇಕು.

ಅಚ್ಚಿಗೆ ಸ್ಟೇಜ್‌ಆನ್ (StazOn) ಬ್ರಾಂಡಿನಂಥ ಸಾಲ್ವೆಂಟ್ ಇಂಕ್ ಪ್ಯಾಡ್, ಅಂದರೆ ನೀರಿನ ಬೇಸ್ ಅಲ್ಲದ ಇಂಕಿನದು, ಬೇಕು. ಕಚೇರಿಯ ಸ್ಟ್ಯಾಂಪ್ ಪ್ಯಾಡ್ ಇಂಕ್ ನೀರಿನ ಪಿಯು ತಾಗಿದ ಕ್ಷಣ ಹರಡುತ್ತದೆ. ರಬ್ಬರ್ ಸ್ಟ್ಯಾಂಪ್ ಮಾಡುವವರ ಬಳಿ ನಿಮ್ಮದೇ ಚಿತ್ರ ಕೊಟ್ಟು ಕೊರೆಸುವುದಾದರೆ ಗೆರೆ ಅರ್ಧ ಮಿ.ಮೀ.ಗಿಂತ ಸಣ್ಣದಿರದಂತೆ ನೋಡಿಕೊಳ್ಳಿ, ಹಿಡಿಯ ಮರಕ್ಕೂ ರಬ್ಬರಿಗೂ ನಡುವೆ 3 ಮಿ.ಮೀ. ಫೋಮ್ ಹಾಕಿಸಿ. ಕಾಗದ ಒತ್ತಡಕ್ಕೆ ತಗ್ಗುತ್ತದೆ, ಕಲ್ಲು ತಗ್ಗುವುದಿಲ್ಲ. ಆ ಬಗ್ಗುವ ಕೆಲಸ ಫೋಮ್ ಮಾಡಬೇಕು. ನೇರ ಇಳಿಸಿ, ಮೂರು-ನಾಲ್ಕು ಸೆಕೆಂಡ್ ಒತ್ತಿ, ನೇರ ಎತ್ತಿ. ಅಲುಗಿಸಿದರೆ ಎರಡು ಗೆರೆ. ತಪ್ಪಿದ್ದನ್ನು ಹತ್ತಿಯಲ್ಲಿ ಐಸೋಪ್ರೊಪೈಲ್ ಆಲ್ಕೊಹಾಲ್ ಅದ್ದಿ ಕೂಡಲೇ ಒರೆಸಬಹುದು, ಆದರೂ ಮಾರ್ಬಲ್‌ನಲ್ಲಿ ಮಸುಕು ನೆರಳು ಉಳಿಯುತ್ತದೆ, ಅದು 220 ಪೇಪರ್‌ಗಷ್ಟೇ ಹೋಗುತ್ತದೆ. ಒತ್ತಿದ ಮೇಲೆ ಒಂದು ಇಡೀ ದಿನ ಬಿಡಿ. ಅವಸರವಿದ್ದರೆ ಹೀಟ್ ಗನ್ ಅನ್ನು ಒಂದು ಗೇಣು ದೂರ ಹಿಡಿದು ಆಡಿಸಿ.

ಇನ್ನು ಸೀಲರ್. ಅಂಗಡಿಯವರು ಕಲ್ಲಿಗೆ ಅಂದ ಕೂಡಲೇ ಒಳಗಿಳಿಯುವ ಸೈಲೇನ್ ಅಥವಾ ಸಿಲಾಕ್ಸೇನ್ ಸೀಲರ್ ಎತ್ತಿಕೊಡುತ್ತಾರೆ. ಬಾತ್‌ರೂಮಿನ ಫರ್ಶಿಗೆ ಅದು ಒಳ್ಳೆಯದೇ. ಅಚ್ಚೊತ್ತಿದ ಕೋಸ್ಟರ್‌ಗೆ ಬೇಡ: ಕಲ್ಲನ್ನು ಕಾಯುತ್ತದೆ, ಮೇಲಿರುವ ಚಿತ್ರವನ್ನು ಕಾಯುವುದಿಲ್ಲ. ಅದರ ಮೇಲೆ ಪಿಯು ಬಳಿಯೋಣವೆಂದರೂ ನೀರಿನ ಪಿಯು ಕೆಸುವಿನೆಲೆಯ ಮೇಲಿನ ನೀರಿನಂತೆ ಮುದುಡಿ ಹನಿಗಟ್ಟುತ್ತದೆ. ಎರಡರಲ್ಲಿ ಒಂದನ್ನಷ್ಟೇ ಆರಿಸಿ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ತೂಕದಲ್ಲಿ. 10 ಮಿ.ಮೀ. ದಪ್ಪದ ಆರು ಕೋಸ್ಟರ್‌ಗಳ ಮೇಲ್ಮೈ ಮತ್ತು ಅಂಚು ಸೇರಿ 0.084 ಚದರ ಮೀಟರ್. ಒಂದು ಕೋಟ್‌ಗೆ 8 ಗ್ರಾಂ ಸಾಕು, ಬಳಿಯುವ ಸ್ಪಾಂಜ್ ಕುಡಿಯುವುದು ಸೇರಿ 10 ಗ್ರಾಂ ಅನ್ನಿ. ಡಬ್ಬಿಯ ಮೇಲೆ ಹತ್ತಕ್ಕೆ ಒಂದು ಎಂದಿದ್ದರೆ ಹಾರ್ಡನರ್ ಬರೀ 1 ಗ್ರಾಂ. ಅಡುಗೆಮನೆಯ ತಕ್ಕಡಿಗೆ 1 ಗ್ರಾಂಗೂ ಒಂದೂವರೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. 0.01 ಗ್ರಾಂ ತೋರಿಸುವ, ಬಂಗಾರ ತೂಗುವಂಥ ಪುಟ್ಟ ತಕ್ಕಡಿ ಕೊಳ್ಳಲೇಬೇಕು. ಹಾರ್ಡನರ್ ಕಡಿಮೆಯಾದರೆ ಪದರ ತಿಂಗಳಾದರೂ ಉಗುರಿಗೆ ಮೆತ್ತಗೆ ಸಿಗುತ್ತದೆ, ಹೆಚ್ಚಾದರೆ ಗಡಸಾಗಿ ಅಂಚಿನಲ್ಲಿ ಚಕ್ಕೆ ಏಳುತ್ತದೆ. ಅನುಪಾತ ಒಂದೊಂದು ಕಂಪನಿಯದು ಒಂದೊಂದು, ತೂಕದ್ದೋ ಅಳತೆಯದೋ ಎಂಬುದನ್ನೂ ಡಬ್ಬಿಯಲ್ಲಿ ಓದಿ. ಹಾರ್ಡನರ್ ಐಸೋಸೈನೇಟ್: ಕೈಗವಸು ಹಾಕಿ, ಕಿಟಕಿ ತೆರೆದಿಡಿ, ಆಸ್ತಮಾ ಇರುವವರು ಈ ಕೆಲಸಕ್ಕೆ ಕೈಹಾಕಬೇಡಿ. ಗುಳ್ಳೆ ಬರದಂತೆ ಎರಡು ನಿಮಿಷ ಕಲಕಿ, ಅಲ್ಲಾಡಿಸಬೇಡಿ. ಉಳಿದ ಮಿಶ್ರಣವನ್ನು ಮುಚ್ಚಿದ ಬಾಟಲಿಯಲ್ಲಿ ಇಡಲೇಬೇಡಿ, ನೀರಿನೊಡನೆ ಅದು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ಬಾಟಲಿ ಉಬ್ಬಿ ಸಿಡಿಯಬಹುದು.

ಮೊದಲ ಕೋಟ್ ತೆಳ್ಳಗೆ, ಚಿತ್ರದ ಮೇಲೆ ಒಂದೇ ಎಳೆತ. ಹಿಂದೆಮುಂದೆ ತಿಕ್ಕಿದರೆ ಸಾಲ್ವೆಂಟ್ ಇಂಕ್ ಕೂಡ ಅಂಚಿನಲ್ಲಿ ಮಸುಕಾಗುತ್ತದೆ. ಮೂರು ತಾಸಿಗೆ ಎರಡನೆಯದು. ಅದು ಒಣಗಿದ ಮೇಲಷ್ಟೇ 400 ಪೇಪರ್‌ನಿಂದ ಹಗುರಾಗಿ ಸವರಿ, ಧೂಳು ಒರೆಸಿ ಮೂರನೆಯದು. ಕಲ್ಲಿನ ತಳಕ್ಕೂ ಒಂದು ಕೋಟ್ ಬೇಕು. ಒದ್ದೆ ಟೇಬಲ್‌ನ ನೀರು ತಳದಿಂದ ಹೀರಿ ಮೇಲೇರಿದರೂ ಅದೇ ಬಿಳಿ ಮೋಡ.

ಪುಣೆಯ ಹವೆಯಲ್ಲಿ ಎರಡು ಕೆಟ್ಟ ಕಾಲಗಳಿವೆ. ಏಪ್ರಿಲ್ ಮಧ್ಯಾಹ್ನದ ಒಣ ಸೆಕೆಗೆ ಪಿಯು ಹರಡುವ ಮೊದಲೇ ಒಣಗಿ ಸ್ಪಾಂಜಿನ ಗೆರೆ ಉಳಿಯುತ್ತದೆ. ಬೆಳಿಗ್ಗೆ ಎಂಟರೊಳಗೆ ಬಳಿದರೆ ಈ ತೊಂದರೆ ಇಲ್ಲ. ಜುಲೈ-ಆಗಸ್ಟ್‌ನಲ್ಲಿ ನೀರು ಆರುವುದೇ ಇಲ್ಲ. ಆಗ ಕೋಟ್‌ಗಳ ನಡುವೆ ಒಂದು ರಾತ್ರಿ ಬಿಡಬೇಕು. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಮಾಡಿದ ಕೋಸ್ಟರ್‌ಗಳೇ ಇವತ್ತಿಗೂ ಎಲ್ಲಕ್ಕಿಂತ ಚೆನ್ನಾಗಿವೆ. ಮುಂಬೈ, ಗೋವಾದಲ್ಲಿರುವವರು ಮಳೆಗಾಲದಲ್ಲಿ ಈ ಕೆಲಸ ಮುಂದೂಡುವುದೇ ಮೇಲು. ಪೂರ್ತಿ ಗಟ್ಟಿಯಾಗಲು ಒಣ ಕಾಲದಲ್ಲಿ ಏಳು ದಿನ, ಮಳೆಯಲ್ಲಿ ಎರಡು ವಾರ. ಮೂರನೇ ದಿನ ಮುಟ್ಟಿದರೆ ಕಲ್ಲಿನಷ್ಟೇ ಗಟ್ಟಿ ಅನಿಸುತ್ತದೆ, ಮೋಸಹೋಗಬೇಡಿ.

ಮೂರು ವರ್ಷದ ನಂತರ ಚಿತ್ರಗಳು ಹಾಗೇ ಇವೆ. ಬಿಳಿ ಮಾರ್ಬಲ್ ಹಳದಿ ತಿರುಗಿಲ್ಲ. ಸ್ಟೀಲ್ ಲೋಟ ಅಂಟಿಲ್ಲ. ಕೋಕಂ ಶರಬತ್ತು ಚೆಲ್ಲಿ ರಾತ್ರಿಯಿಡೀ ನಿಂತರೂ ಕಲೆಯಿಲ್ಲ. ಸೀಲ್ ಮಾಡದ ಮಾರ್ಬಲ್‌ನಲ್ಲಿ ಆ ಹುಳಿ ಒರಟು ಮಚ್ಚೆ ಬಿಡುತ್ತದೆ. ಅರಿಶಿನ ಹಾಲಿನ ಉಂಗುರ ಮಾತ್ರ ಹಿಡಿಯುತ್ತದೆ. ಕಿಟಕಿಯ ಬಿಸಿಲಲ್ಲಿ ಒಂದೆರಡು ದಿನ ಇಟ್ಟರೆ ಅರಿಶಿನದ ಬಣ್ಣ ತಾನಾಗಿ ಹಾರುತ್ತದೆ. ಸವೆತ ಶುರುವಾಗುವುದು ಮೂಲೆಗಳಲ್ಲಿ, ಒಂದರ ಮೇಲೊಂದು ಪೇರಿಸಿಟ್ಟಲ್ಲಿ. ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಬಿದ್ದ ಕಡೆ ಮ್ಯಾಟ್ ಹೋಗಿ ತೇಪೆ ತೇಪೆ ಹೊಳಪು. ನೇಲ್ ಪಾಲಿಶ್ ರಿಮೂವರ್ ದೂರವಿರಲಿ.

ಒಂದು ಕೊರತೆಯನ್ನು ಮುಚ್ಚಿಡಬಾರದು. ಸೀಲ್ ಮಾಡಿದ ಕಲ್ಲು ನೀರು ಹೀರುವುದಿಲ್ಲ. ತಣ್ಣನೆಯ ಗ್ಲಾಸಿನ ಬೆವರು ಮೇಲೆಯೇ ನಿಲ್ಲುತ್ತದೆ, ಗ್ಲಾಸಿನ ನುಣುಪು ತಳ ಅದರಲ್ಲಿ ಕಚ್ಚಿಕೊಂಡು ಎತ್ತಿದಾಗ ಕೋಸ್ಟರ್ ಕೂಡ ಏಳುತ್ತದೆ, ಅರ್ಧ ದಾರಿಯಲ್ಲಿ ಬೀಳುತ್ತದೆ. ಹೊಳೆಯುವ ಗ್ಲಾಸಿ ಫಿನಿಶ್‌ನಲ್ಲಿ ಇದು ತೀರಾ ಹೆಚ್ಚು, ಮ್ಯಾಟ್‌ನಲ್ಲಿ ಕಡಿಮೆ, ಸ್ವಲ್ಪ ಏರುತಗ್ಗಿರುವ ಶಹಾಬಾದಿಯಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು. ಬೇಸಿಗೆಯಲ್ಲಿ ಮಜ್ಜಿಗೆಗೆ, ಮಾವಿನಕಾಯಿ ಪಾನಕಕ್ಕೆ ಬಳಸುವವರು ಅದನ್ನೇ ಆರಿಸಿ.

ತಳಕ್ಕೆ 2 ಮಿ.ಮೀ. ಕಾರ್ಕ್ ಶೀಟ್, 95 ಮಿ.ಮೀ. ಚೌಕ. ಫೆವಿಕಾಲ್ ಎಸ್ಆರ್ 998 ಎರಡೂ ಕಡೆ ತೆಳ್ಳಗೆ ಬಳಿದು, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ. ಫೆಲ್ಟ್ ಬೇಡ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಆ ಒಂದು ಅಂಕದ ವಿಷಯ. ಕೋಸ್ಟರ್ ಒಂದಕ್ಕೆ ಮೂರು ಕೋಟ್ ಸೇರಿ ಐದಾರು ಗ್ರಾಂ ಅಷ್ಟೇ, ಒಂದು ಲೀಟರ್ ಡಬ್ಬಿಯಲ್ಲಿ ನೂರೈವತ್ತಕ್ಕೂ ಹೆಚ್ಚು ಆಗುತ್ತವೆ. ಆದರೆ ತೆರೆದ ಹಾರ್ಡನರ್ ಗಾಳಿಯ ತೇವಕ್ಕೇ ಗಟ್ಟಿಯಾಗುತ್ತಾ ಹೋಗುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಾಟಲಿಯೊಳಗೆ ಲೋಳೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲಗಳ ಜೊತೆ ಇಟ್ಟರೆ ಇನ್ನಷ್ಟು ತಿಂಗಳು ಬರುತ್ತದೆ. ಮೂರ್ನಾಲ್ಕು ಮನೆಯವರು ಸೇರಿ ಒಂದೇ ಸೆಟ್ ಕೊಂಡು ದೀಪಾವಳಿಗೆ ಮುಂಚೆ ಮುಗಿಸುವುದು ಇದಕ್ಕಿರುವ ಒಳ್ಳೆಯ ದಾರಿ. ಹಳೆಯ ಕೋಸ್ಟರ್‌ಗಳ ಸವೆದ ಮೂಲೆಗಳಿಗೂ ಅದೇ ಸಮಯದಲ್ಲಿ 400 ಪೇಪರ್ ಸವರಿ ಇನ್ನೊಂದು ಕೋಟ್ ಕೊಡಬಹುದು. ಕಾರ್ಕ್ ಕೀಳಬೇಕಾಗಿಲ್ಲ, ಅದರ ಅಂಚಿಗೆ ಮಾಸ್ಕಿಂಗ್ ಟೇಪ್ ಸುತ್ತಿದರೆ ಸಾಕು.