ಸುಟ್ಟ ಅಕ್ಷರ, ಕೊರೆದ ಅಕ್ಷರ: ಕೊಪ್ಪಳದಲ್ಲಿ ಬಳಸಿ ನೋಡಿದ ನಾಲ್ಕು ಸಣ್ಣ ಯಂತ್ರಗಳು

ಮನೆಯ ಪಡಸಾಲೆಯಲ್ಲಿ ಒಬ್ಬನೇ ಕುಳಿತು ಮರದ ನಾಮಫಲಕ, ಕೀಲಿ ಗೊಂಚಲಿನ ಬಿಲ್ಲೆ, ಆಟಿಕೆಗಳನ್ನು ಮಾಡಿ ಮಾರಿ ಜೀವನ ನಡೆಸಬೇಕೆನ್ನುವವನು ಮೊದಲು ಯಾವ ಯಂತ್ರಕ್ಕೆ ಹಣ ಹಾಕಬೇಕು ಎಂದು ನನ್ನನ್ನು ಕೇಳುವವರು ಹೆಚ್ಚಾಗಿದ್ದಾರೆ. ಎರಡು ವರ್ಷಗಳಲ್ಲಿ ನಾನು ನಾಲ್ಕು ಬಗೆಯ ಯಂತ್ರಗಳಲ್ಲಿ ಕೆಲಸ ಮಾಡಿದ್ದೇನೆ. ಹದಿನಾರು ಇಂಚು ಕಂಠದ ಸ್ಕ್ರಾಲ್ ಸಾ (ಸಣ್ಣ ಅಲಗು ಮೇಲೆ ಕೆಳಗೆ ಆಡುವ ಗರಗಸ; ಕಂಠ ಎಂದರೆ ಅಲಗಿನಿಂದ ಹಿಂಬದಿಯ ಕಂಬದವರೆಗಿನ ಜಾಗ), 10 ವ್ಯಾಟ್‌ನ ಡಯೋಡ್ ಲೇಸರ್ (ಬೆಳಕಿನ ಕಿರಣದಿಂದ ಸುಟ್ಟು ಬರೆಯುವ, ಕತ್ತರಿಸುವ ಯಂತ್ರ) ಮತ್ತು 3018 ಎಂದು ಕರೆಯುವ ಪುಟ್ಟ ಸಿಎನ್‌ಸಿ ರೌಟರ್ (ಕಂಪ್ಯೂಟರ್ ಹೇಳಿದಂತೆ ಚಲಿಸುತ್ತ, ತಿರುಗುವ ಕಡ್ಡಿಯಿಂದ ಮರ ಕೊರೆಯುವ ಯಂತ್ರ), ಈ ಮೂರನ್ನು ನನ್ನ ದುಡ್ಡಿನಿಂದಲೇ ಕೊಂಡೆ. ನಾಲ್ಕನೆಯದಾದ 40 ವ್ಯಾಟ್‌ನ ಸಿಒ2 ಲೇಸರನ್ನು (ಇಂಗಾಲದ ಡೈಆಕ್ಸೈಡ್ ಅನಿಲದ ಗಾಜಿನ ನಳಿಕೆಯಿಂದ ಕಿರಣ ಹೊಮ್ಮಿಸುವ ಯಂತ್ರ) ಗಂಗಾವತಿಯಲ್ಲಿರುವ ನನ್ನ ಮಾವನ ಮಗನ ಅಂಗಡಿಯಲ್ಲಿ ಮಾರ್ಚಿನಿಂದ ಮೇ ತನಕ ಮೂರು ತಿಂಗಳು ನಡೆಸಿದೆ. ನನಗೆ ಸ್ಕ್ರಾಲ್ ಸಾಗೆ 14 ಸಾವಿರ, ಡಯೋಡ್ ಲೇಸರ್‌ಗೆ 42 ಸಾವಿರ, ಸಿಎನ್‌ಸಿಗೆ 19 ಸಾವಿರ ರೂಪಾಯಿ ಬಿದ್ದವು.

ಯಂತ್ರಗಳನ್ನು ಹೋಲಿಸಬೇಕಾದರೆ ಎಲ್ಲಕ್ಕೂ ಒಂದೇ ಕೆಲಸ ಕೊಡಬೇಕು. ನಾನು ಆರಿಸಿಕೊಂಡ ಮೊದಲ ಕೆಲಸ ‘ಶ್ರೀ ಗವಿಸಿದ್ಧೇಶ್ವರ ಕೃಪೆ’ ಎಂಬ ಫಲಕ. ನಮ್ಮಲ್ಲಿ ಹೊಸ ಮನೆ ಕಟ್ಟಿದವರು ಬಾಗಿಲ ಮೇಲೆ ಬಹಳವಾಗಿ ಬರೆಸುವ ಹೆಸರು ಇದು ಎಂಬುದು ಒಂದು ಕಾರಣ. ಯಂತ್ರದಲ್ಲಿ ಅಕ್ಷರ ಮಾಡುವವನಿಗೆ ಕನ್ನಡ ಒಡ್ಡುವ ಕಷ್ಟಗಳೆಲ್ಲ ಈ ಒಂದೇ ಸಾಲಿನಲ್ಲಿವೆ ಎಂಬುದು ಇನ್ನೊಂದು. ಎರಡನೆಯ ಕೆಲಸ ಹಂಪಿಯ ಕಲ್ಲಿನ ರಥದ ಆಕಾರದ ಎರಡಿಂಚಿನ ಬಿಲ್ಲೆ. ಮೂರನೆಯದು ಕಿನ್ನಾಳದ ಗೊಂಬೆ ಮಾಡುವ ಹಿರಿಯರೊಬ್ಬರು ಕೇಳಿದ್ದು, ಒಂದೂವರೆ ಇಂಚು ದಪ್ಪದ ಮೆದು ಮರದಲ್ಲಿ ಗೊಂಬೆಯ ಹೊರ ಆಕಾರ ತೆಗೆದುಕೊಡುವುದು.

ಮೊದಲು ಅಕ್ಷರದ ಮಾತನ್ನೇ ಹೇಳುತ್ತೇನೆ, ಏಕೆಂದರೆ ನಾಲ್ಕು ಯಂತ್ರಗಳ ನಡುವಿನ ನಿಜವಾದ ಅಂತರ ನನಗೆ ಗೊತ್ತಾದದ್ದು ಅಲ್ಲಿಯೇ. ಇಂಗ್ಲಿಷಿನ ದೊಡ್ಡಕ್ಷರಗಳನ್ನು ಪ್ಲೈವುಡ್ಡಿನಿಂದ ಕತ್ತರಿಸಿದರೆ ಪ್ರತಿಯೊಂದು ಅಕ್ಷರವೂ ಒಂದೇ ತುಂಡಾಗಿ ಕೈಗೆ ಬರುತ್ತದೆ. ನಮ್ಮ ‘ದ್ಧೇ’ ಹಾಗಲ್ಲ. ಅದರಲ್ಲಿ ಮೇಲಿನ ದಕಾರ ಒಂದು ತುಂಡು, ಕೆಳಗಿನ ಒತ್ತು ಇನ್ನೊಂದು ತುಂಡು, ಪಕ್ಕದ ದೀರ್ಘ ಮತ್ತೊಂದು ತುಂಡು. ‘ಶ್ವ’ದ ಒತ್ತು, ‘ಶ್ರೀ’ಯ ದೀರ್ಘ ಕೂಡ ಬಹುಪಾಲು ಫಾಂಟುಗಳಲ್ಲಿ ಮೂಲ ಅಕ್ಷರಕ್ಕೆ ತಾಗಿರುವುದಿಲ್ಲ. ಹೀಗಾಗಿ ಅಕ್ಷರಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ ಅಂಟಿಸುವ ಫಲಕವಾದರೆ ಹತ್ತಿಪ್ಪತ್ತು ಚೂರುಗಳನ್ನು ಸಾಲಾಗಿ ಹೊಂದಿಸುವ ಕೆಲಸ ಬೀಳುತ್ತದೆ. ಇಲ್ಲವೇ ಕತ್ತರಿಸುವ ಮೊದಲೇ ಚಿತ್ರದಲ್ಲಿ ಒತ್ತನ್ನು ಮೇಲೆತ್ತಿ ಮೂಲ ಅಕ್ಷರಕ್ಕೆ ಬೆಸೆಯಬೇಕಾಗುತ್ತದೆ. ನಾನು ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಯೂನಿಕೋಡಿನಲ್ಲಿ ಟೈಪು ಮಾಡಿ, ಅಕ್ಷರಗಳನ್ನು ರೇಖೆಗಳಾಗಿ ಬದಲಿಸಿ, ಒತ್ತುಗಳನ್ನು ಕೈಯಿಂದ ಸರಿಸಿ ಕೂಡಿಸುತ್ತೇನೆ. ಮೈ ತುಂಬಿದ ‘ಬಾಲೂ ತಮ್ಮ’ ಎಂಬ ಮುಕ್ತ ಫಾಂಟು ಇದಕ್ಕೆ ಒಗ್ಗುತ್ತದೆ. ತೆಳುವಾದ ಫಾಂಟುಗಳಲ್ಲಿ ಬೆಸೆದ ಜಾಗವೇ ಮುರಿಯುತ್ತದೆ. ಈ ಕೆಲಸ ಬಲ್ಲವರು ನಮ್ಮ ಸುತ್ತಿನಲ್ಲಿ ಕಡಿಮೆ ಇರುವುದರಿಂದಲೇ ಇದರಲ್ಲಿ ಸಂಪಾದನೆ ಇದೆ ಎಂಬುದನ್ನು ನಾನು ಒತ್ತಿ ಹೇಳಬೇಕು. ಯಂತ್ರವನ್ನು ಯಾರು ಬೇಕಾದರೂ ತರಿಸಬಹುದು, ಆದರೆ ಒಡೆಯದ ಕನ್ನಡ ಅಕ್ಷರವನ್ನು ಮಾಡಿಕೊಡುವವರನ್ನು ಜನ ಹುಡುಕಿಕೊಂಡು ಬರುತ್ತಾರೆ.

ಸ್ಕ್ರಾಲ್ ಸಾದಲ್ಲಿ ಈ ಫಲಕ ಮಾಡಲು ನನಗೆ ಒಂದು ಇಡೀ ದಿನ ಹಿಡಿಯಿತು. ಅಕ್ಷರದ ಒಳಗಿನ ಬಯಲನ್ನು ತೆಗೆಯಲು ಮೊದಲು ಅಲ್ಲಿ ತೂತು ಕೊರೆದು, ಅಲಗನ್ನು ಬಿಚ್ಚಿ, ತೂತಿನಲ್ಲಿ ತೂರಿಸಿ, ಮತ್ತೆ ಬಿಗಿಯಬೇಕು. ಕೊಳ್ಳುವವರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು: ಅಗ್ಗದ ಗರಗಸಗಳು ತುದಿಯಲ್ಲಿ ಅಡ್ಡ ಕಡ್ಡಿಯಿರುವ ಅಲಗನ್ನು ಮಾತ್ರ ಹಿಡಿಯುತ್ತವೆ, ಆ ಕಡ್ಡಿ ತೂರಬೇಕಾದರೆ ಐದಾರು ಮಿಲಿಮೀಟರಿನ ತೂತು ಬೇಕು, ಅಷ್ಟು ದೊಡ್ಡ ತೂತು ಒಂದಿಂಚಿನ ‘ರ’ದ ಹೊಟ್ಟೆಯಲ್ಲಿ ಹಿಡಿಸುವುದಿಲ್ಲ. ಕಡ್ಡಿಯಿಲ್ಲದ ಅಲಗು ಹಿಡಿಯುವ ಯಂತ್ರವಾದರೆ ಒಂದೂವರೆ ಮಿಲಿಮೀಟರಿನ ತೂತು ಸಾಕು. ನಾನು ಮೊದಲು ಕಡ್ಡಿಯ ಯಂತ್ರವನ್ನು ತಂದು, ಅದನ್ನು ನಷ್ಟಕ್ಕೆ ಮಾರಿ, ಆಮೇಲೆ ಈಗಿನದನ್ನು ಕೊಂಡೆ. ಆ ನಷ್ಟ ಮೇಲೆ ಹೇಳಿದ 14 ಸಾವಿರದಲ್ಲಿ ಸೇರಿಲ್ಲ.

ಬಿಲ್ಲೆಯ ಲೆಕ್ಕದಲ್ಲಿ ಈ ಗರಗಸ ಸೋತಿತು. ಒಂದು ರಥಕ್ಕೆ ಹನ್ನೆರಡು ನಿಮಿಷ ಬೇಕು, ಅಂಗಡಿಯವರು ಸಗಟಿನಲ್ಲಿ ಕೊಡುವುದು 25 ರೂಪಾಯಿ. ಆದರೆ ಕಿನ್ನಾಳದ ಕೆಲಸಕ್ಕೆ ನಾಲ್ಕರಲ್ಲಿ ನಿಂತದ್ದು ಇದೊಂದೇ. ಒಂದೂವರೆ ಇಂಚು ದಪ್ಪದ ಮರವನ್ನು ನನ್ನ ಡಯೋಡ್ ಲೇಸರ್ ಕತ್ತರಿಸಲಾರದು, 40 ವ್ಯಾಟ್‌ನ ಸಿಒ2 ಯಂತ್ರವೂ ಅಂಥ ದಪ್ಪಕ್ಕೆ ಹೋಗುವುದಿಲ್ಲ. ಪುಟ್ಟ ಸಿಎನ್‌ಸಿಯಲ್ಲಿ ಪ್ರಯತ್ನಿಸಿದರೆ ಅದರ ಕೊರೆಯುವ ಕಡ್ಡಿಯ ಉದ್ದವೇ ಸಾಲದು. ಗೊಂಬೆಯ ಹೊರ ಆಕಾರವನ್ನು ಗರಗಸದಲ್ಲಿ ತೆಗೆದುಕೊಟ್ಟರೆ, ಆ ಹಿರಿಯರಿಗೆ ಕೊಡಲಿ ಮತ್ತು ಉಳಿಯಿಂದ ಒರಟು ಕೆತ್ತುವ ಮೊದಲ ಹಂತದ ದುಡಿಮೆ ತಪ್ಪುತ್ತದೆ. ಮುಖ, ಕೈ, ಬಣ್ಣ ಎಲ್ಲ ಅವರದೇ. ಅವರು ನನ್ನ ಗರಗಸದ ಕೆಳಗೆ ಬೀಳುವ ಹೊಟ್ಟನ್ನೂ ಚೀಲದಲ್ಲಿ ತುಂಬಿಸಿಕೊಂಡು ಹೋಗುತ್ತಾರೆ. ಗೊಂಬೆಯ ಭಾಗಗಳನ್ನು ಕೂಡಿಸಿದ ಮೇಲೆ ಮೈಗೆ ಮೆತ್ತಲು ಕಿನ್ನಾಳದವರು ಮಾಡುವ ಕಿಟ್ಟದಲ್ಲಿ ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಸೇರುತ್ತವೆ. ಪ್ಲೈವುಡ್ಡಿನ ಹೊಟ್ಟಿನಲ್ಲಿ ರಾಸಾಯನಿಕ ಅಂಟು ಇರುವುದರಿಂದ ಅದನ್ನು ಬೇರೆಯಾಗಿಯೇ ಇಡುತ್ತೇನೆ.

ಡಯೋಡ್ ಲೇಸರಿನ ಕಥೆ ಇದಕ್ಕೆ ತಿರುಗುಮುರುಗು. 4 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಹನ್ನೆರಡು ರಥಗಳನ್ನು ಗೆರೆಗಳ ಸಮೇತ ಮುಕ್ಕಾಲು ಗಂಟೆಯಲ್ಲಿ ಅದು ಮಾಡಿ ಮುಗಿಸುತ್ತದೆ, ಆ ಹೊತ್ತಿನಲ್ಲಿ ನಾನು ಪಕ್ಕದಲ್ಲಿ ಕುಳಿತು ಇನ್ನೊಂದು ಫಲಕಕ್ಕೆ ಪಾಲಿಶ್ ಹಚ್ಚಬಹುದು. (ಯಂತ್ರ ನಡೆಯುವಾಗ ಕೋಣೆ ಬಿಟ್ಟು ಹೋಗಬಾರದು. ಒಮ್ಮೆ ತುಂಡಿಗೆ ಕಿಡಿ ಹತ್ತಿ ಉರಿದದ್ದನ್ನು ನಾನು ಒದ್ದೆ ಗೋಣಿಯಿಂದ ಆರಿಸಿದ್ದೇನೆ.) ಇದರ ತೊಡಕು ಸರಕಿನಲ್ಲಿದೆ. ಊರಿನ ಅಂಗಡಿಗಳಲ್ಲಿ ಸಿಗುವ ನೀರು ತಡೆಯುವ ಪ್ಲೈವುಡ್ಡಿನ ಪದರಗಳ ನಡುವೆ ಕಪ್ಪು ಅಂಟಿನ ಗೆರೆ ಇರುತ್ತದೆ, ಗಂಟುಗಳೂ ಇರುತ್ತವೆ. ಬೆಳಕು ಅಲ್ಲಿ ನಿಂತುಬಿಡುತ್ತದೆ, ಹತ್ತು ತುಂಡುಗಳಲ್ಲಿ ಎರಡು ಹಿಂಬದಿಯಲ್ಲಿ ಅಂಟಿಕೊಂಡೇ ಉಳಿಯುತ್ತವೆ. ಲೇಸರಿಗೆಂದೇ ಮಾಡಿದ ಹಗುರ ಹಾಳೆಗಳನ್ನು ಹೊರಗಿನಿಂದ ತರಿಸಿದ ಮೇಲೆ ಈ ತೊಂದರೆ ನಿಂತಿತು, ಆದರೆ ಬಿಲ್ಲೆಯ ಲಾಭದಲ್ಲಿ ಒಂದು ಪಾಲು ಸಾಗಾಟಕ್ಕೆ ಹೋಯಿತು.

ಫಲಕದ ವಿಚಾರದಲ್ಲಿ ಡಯೋಡ್ ಲೇಸರಿನ ಮೇಲೆ ನನಗಿದ್ದ ಮೆಚ್ಚುಗೆ ಒಂದು ವರ್ಷದ ನಂತರ ಕಡಿಮೆಯಾಯಿತು. ಸಾಗುವಾನಿಯ ಮೇಲೆ ಸುಟ್ಟು ಬರೆದ ಅಕ್ಷರ ಹೊಸದರಲ್ಲಿ ಬಹಳ ಚೆಂದ. ಒತ್ತು, ದೀರ್ಘ, ಮಹಾಪ್ರಾಣದ ಪುಟ್ಟ ಗೆರೆ ಎಲ್ಲವೂ ಅಚ್ಚುಕಟ್ಟಾಗಿ ಮೂಡುತ್ತವೆ, ಬೆಸೆಯುವ ಗೋಜೇ ಇಲ್ಲ. ಆದರೆ ಪಶ್ಚಿಮಕ್ಕೆ ಮುಖ ಮಾಡಿದ ಮನೆಯೊಂದಕ್ಕೆ ಹಾಕಿದ ಫಲಕ ನಮ್ಮ ಬಿಸಿಲಿಗೆ ಮಾಸಿತು. ಮನೆಯ ಯಜಮಾನರು ಅದನ್ನು ಬಿಚ್ಚಿಕೊಂಡು ಬಂದು, ‘ತಮ್ಮಾ, ಇದು ಸುಟ್ಟದ್ದೈತಿ, ಕೊರದದ್ದಲ್ಲ. ನಮ್ಮಪ್ಪನ ಕಾಲದ ಬಾಗ್ಲಾಗ ಕೊರದ ಅಕ್ಷರ ಇನ್ನಾ ಹಂಗ ಅದಾವು ನೋಡು’ ಎಂದರು. ಅವರ ಮಾತು ಸರಿಯಾಗಿತ್ತು. ನಾನು ಹಣ ತೆಗೆದುಕೊಳ್ಳದೆ ಹೊಸ ಫಲಕ ಮಾಡಿಕೊಟ್ಟೆ, ಸಿಎನ್‌ಸಿಯನ್ನು ತರಿಸಿದ್ದು ಆ ವಾರವೇ.

3018ರ ಹೆಸರಿನಲ್ಲೇ ಅದರ ಅಳತೆ ಇದೆ: ಕೆಲಸ ಮಾಡುವ ಜಾಗ 300 ಮಿಲಿಮೀಟರ್ ಉದ್ದ, 180 ಮಿಲಿಮೀಟರ್ ಅಗಲ. ಹನ್ನೊಂದು ಇಂಚಿನ ಫಲಕ ಅದರಲ್ಲಿ ಕಷ್ಟಪಟ್ಟು ಹಿಡಿಸುತ್ತದೆ. ಮೋಟಾರು ಸಣ್ಣದು, ಚೌಕಟ್ಟು ಬಾಗುತ್ತದೆ, ಆದ್ದರಿಂದ ಸಾಗುವಾನಿಯಲ್ಲಿ ಕಡ್ಡಿಯನ್ನು ಒಂದು ಸುತ್ತಿನಲ್ಲಿ ಅರ್ಧ ಮಿಲಿಮೀಟರಿಗಿಂತ ಆಳ ಇಳಿಸಿದರೆ ಕಡ್ಡಿ ಮುರಿಯುತ್ತದೆ ಅಥವಾ ಗೆರೆ ಅಲುಗುತ್ತದೆ. ನೇರ ಕಡ್ಡಿ ಅಕ್ಷರದ ಇಕ್ಕಟ್ಟಾದ ಮೂಲೆಗಳಿಗೆ ಹೋಗಲಾರದು, ಆದ್ದರಿಂದ ಚೂಪು ಮೂತಿಯ ವಿ-ಬಿಟ್ ಹಾಕಬೇಕು. ಆಗ ಗೆರೆ ಅಗಲವಾದಲ್ಲಿ ಆಳವಾಗಿಯೂ ಸಣ್ಣಗಾದಲ್ಲಿ ತೇಲಿಯೂ ಕೊರೆಯುತ್ತದೆ, ಕನ್ನಡದ ಬಳುಕಿಗೆ ಅದು ಉಳಿಯ ಕೆಲಸದಂತೆಯೇ ಕಾಣುತ್ತದೆ. ಫಲಕಕ್ಕೆ ಮೂರು ಗಂಟೆ ಹಿಡಿಯಿತು, ಸದ್ದಿಗೆ ಪಕ್ಕದ ಮನೆಯ ಅಕ್ಕ ಮಧ್ಯಾಹ್ನ ನಿಲ್ಲಿಸಲು ಕೇಳಿಕೊಂಡರು, ದೂಳು ಅಡುಗೆಮನೆಯವರೆಗೆ ಹೋಯಿತು. ನಡುವೆ ಕರೆಂಟು ಹೋದರೆ ಯಂತ್ರ ತಾನಿದ್ದ ಸ್ಥಾನವನ್ನೇ ಮರೆಯುತ್ತದೆ, ಹೀಗಾಗಿ ಇನ್ವರ್ಟರ್ ಇಲ್ಲದೆ ನಾನು ಈಗ ಅದನ್ನು ಹಚ್ಚುವುದೇ ಇಲ್ಲ. ಇಷ್ಟಾದರೂ ಸುಟ್ಟ ಫಲಕಕ್ಕೆ 600 ರೂಪಾಯಿ ಕೊಡಲು ಚೌಕಾಸಿ ಮಾಡುವವರು ಕೊರೆದು ಬಣ್ಣ ತುಂಬಿದ ಫಲಕಕ್ಕೆ 1,400 ರೂಪಾಯಿಯನ್ನು ಮರುಮಾತಿಲ್ಲದೆ ಕೊಟ್ಟಿದ್ದಾರೆ.

ಗಂಗಾವತಿಯ ಸಿಒ2 ಲೇಸರ್ ಬೇರೆಯೇ ವ್ಯಾಪಾರದ ಯಂತ್ರ. ಡಯೋಡಿನ ನೀಲಿ ಬೆಳಕು ಆಕ್ರಿಲಿಕ್ ಎಂಬ ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್ಕಿನ ಮೂಲಕ ಹಾಗೆಯೇ ಹಾದುಹೋಗುತ್ತದೆ. ಸಿಒ2 ಕಿರಣವನ್ನು ಆಕ್ರಿಲಿಕ್ ಹೀರಿಕೊಳ್ಳುವುದರಿಂದ ಅಂಚು ಗಾಜಿನಂತೆ ಹೊಳೆಯುವ ಹಾಗೆ ಕತ್ತರಿಸುತ್ತದೆ. ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿ ಅಂಗಡಿಗಳ ಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು ಹೇಳಿದ ಮೇಲೆ ಆಕ್ರಿಲಿಕ್ ಅಕ್ಷರ ಕೇಳಿಕೊಂಡು ಬರುವವರನ್ನು ಆ ಅಂಗಡಿಯಲ್ಲಿ ನಾನೇ ಕಂಡಿದ್ದೇನೆ. ಆದರೆ ಬೇಸಿಗೆ ಈ ಯಂತ್ರದ ಶತ್ರು. ಅದರ ಗಾಜಿನ ನಳಿಕೆಯನ್ನು ನೀರು ಹರಿಸಿ ತಂಪಾಗಿಡಬೇಕು, ನೀರು 25 ಡಿಗ್ರಿಯ ಆಸುಪಾಸಿನಲ್ಲಿ ಇದ್ದರೆ ಒಳ್ಳೆಯದು. ಸಿಡಬ್ಲ್ಯು-3000 ಎಂಬ ಅಗ್ಗದ ಪೆಟ್ಟಿಗೆಯನ್ನು ಚಿಲ್ಲರ್ (ನೀರು ತಣ್ಣಗೆ ಮಾಡುವ ಯಂತ್ರ) ಎಂದು ಮಾರುತ್ತಾರೆ, ಆದರೆ ಅದರಲ್ಲಿ ಇರುವುದು ರೇಡಿಯೇಟರ್ ಮತ್ತು ಫ್ಯಾನು ಮಾತ್ರ, ಹೊರಗಿನ ಗಾಳಿಗಿಂತ ನೀರನ್ನು ತಣ್ಣಗೆ ಮಾಡುವ ಶಕ್ತಿ ಅದಕ್ಕಿಲ್ಲ. ಹೊರಗೆ 40 ಡಿಗ್ರಿ ಇರುವಾಗ ನಾವು ಐಸ್ ಬಾಟಲಿಗಳನ್ನು ತೊಟ್ಟಿಗೆ ಇಳಿಸುತ್ತ, ಬೆಳಿಗ್ಗೆ ಐದರಿಂದ ಹತ್ತರವರೆಗೆ ಮಾತ್ರ ಕೆಲಸ ಮಾಡಿದೆವು. ಕಂಪ್ರೆಸರ್ ಇರುವ ಸಿಡಬ್ಲ್ಯು-5000 ತಂದರೆ ಈ ಪಾಡಿಲ್ಲ, ಆದರೆ ಖರ್ಚಿನ ಲೆಕ್ಕ ಬೇರೆಯಾಗುತ್ತದೆ. ನಳಿಕೆಗೆ ಹೋಗುವ ವಿದ್ಯುತ್ತು ಸಾವಿರಾರು ವೋಲ್ಟಿನದು. ಮನೆಯಲ್ಲಿ ಸರಿಯಾದ ಅರ್ಥಿಂಗ್ ಇಲ್ಲದವರು, ಮಕ್ಕಳು ಓಡಾಡುವ ಪಡಸಾಲೆಯವರು ಇದನ್ನು ತರಬೇಡಿರೆಂದು ಬೇಡಿಕೊಳ್ಳುತ್ತೇನೆ.

ಇಷ್ಟೇ ಗಟ್ಟಿಯಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಫಲಕ ಮಾಡಿಸುವವರು ಸನ್‌ಬೋರ್ಡ್ (ಹಗುರ ಪ್ಲಾಸ್ಟಿಕ್ ಹಲಗೆ) ತಂದು ಲೇಸರಿನಲ್ಲಿ ಕತ್ತರಿಸಿಕೊಡಲು ಕೇಳುತ್ತಾರೆ. ಅದು ಪಿವಿಸಿ ಎಂಬ ಪ್ಲಾಸ್ಟಿಕ್ಕಿನದಾಗಿದ್ದರೆ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ, ಅದು ಎದೆಗೂ ಕೇಡು, ಯಂತ್ರದ ಕಬ್ಬಿಣಕ್ಕೂ ಕೇಡು. ನಾನು ಅಂಥ ಕೆಲಸಗಳನ್ನು ಸಿಎನ್‌ಸಿಗೆ ಹಾಕುತ್ತೇನೆ, ಅಳತೆ ಹಿಡಿಸದಿದ್ದರೆ ಬಿಟ್ಟುಕೊಡುತ್ತೇನೆ.

ಸಾಲದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಸಾಂಪ್ರದಾಯಿಕ ಗೊಂಬೆ ತಯಾರಿಕೆಯೂ ಇವೆ. ಉಪಕರಣಕ್ಕೆ 15 ಸಾವಿರ ರೂಪಾಯಿಯ ನೆರವು, ಶೇಕಡಾ 5ರ ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ರೂಪಾಯಿ ಸಾಲ ಅದರಲ್ಲಿದೆ. ನನ್ನ ಮೂರೂ ಯಂತ್ರಗಳ ಬೆಲೆ ಸೇರಿದರೂ ಮೊದಲ ಕಂತಿನೊಳಗೇ ಮುಗಿಯುತ್ತದೆ. ದೊಡ್ಡ ಸಿಎನ್‌ಸಿ ಅಥವಾ ಚಿಲ್ಲರ್ ಸಮೇತ ಸಿಒ2 ಬೇಕೆನ್ನುವವರು ಪಿಎಂಇಜಿಪಿ (ಸ್ವಂತ ಘಟಕ ಹಾಕುವವರಿಗೆ ಸಾಲದ ಜೊತೆ ಸಹಾಯಧನ ಕೊಡುವ ಕೇಂದ್ರದ ಯೋಜನೆ) ನೋಡಬಹುದು. ಹಳ್ಳಿಯಲ್ಲಿ ಘಟಕ ಹಾಕುವ ಸಾಮಾನ್ಯ ವರ್ಗದವರಿಗೆ ಅದರಲ್ಲಿ ಯೋಜನಾ ವೆಚ್ಚದ ಶೇಕಡಾ 25, ವಿಶೇಷ ವರ್ಗದವರಿಗೆ (ಪರಿಶಿಷ್ಟರು, ಹಿಂದುಳಿದವರು, ಮಹಿಳೆಯರು ಮುಂತಾದವರು) ಶೇಕಡಾ 35 ಸಹಾಯಧನವಿದೆ. ನನ್ನ ಅಭಿಪ್ರಾಯದಲ್ಲಿ ಮೊದಲ ವರ್ಷ ಅಷ್ಟು ದೊಡ್ಡ ಸಾಲದ ಅಗತ್ಯವಿಲ್ಲ.

ಒಂದೇ ಯಂತ್ರ ಕೊಳ್ಳುವ ಶಕ್ತಿಯಿರುವವರಿಗೆ ನಾನು ಡಯೋಡ್ ಲೇಸರನ್ನೇ ಹೇಳುತ್ತೇನೆ, ಆದರೆ ಬಿಲ್ಲೆ, ಪೆಟ್ಟಿಗೆ, ಒಳಮನೆಯ ವಸ್ತುಗಳಿಗಾಗಿ. ಬಾಗಿಲ ಹೊರಗೆ ಬಿಸಿಲಿಗೆ ನಿಲ್ಲುವ ಫಲಕವನ್ನು ಅದರಲ್ಲಿ ಮಾಡಿ ಮಾರಬಾರದು. ಕೈಕೆಲಸ ಬಲ್ಲ ಬಡಿಗರ ಮನೆಯವರಾದರೆ ಮೊದಲು ಸ್ಕ್ರಾಲ್ ಸಾ, ನಂತರ ಸಿಎನ್‌ಸಿ ಎಂಬುದು ನನ್ನ ಸಲಹೆ, ಏಕೆಂದರೆ ಅವರಿಗೆ ಮರದ ಗುಣ ಗೊತ್ತು ಮತ್ತು ಕೊರೆದ ಅಕ್ಷರಕ್ಕೆ ಅವರ ಕೈಯ ಪಾಲಿಶ್ ಬೆಲೆ ತರುತ್ತದೆ. ಸಿಒ2 ಅಂಗಡಿ ಇರುವವರ ಯಂತ್ರ. ನನಗೆ ಆಕ್ರಿಲಿಕ್ ಕೆಲಸ ಬಂದರೆ ಚಿತ್ರವನ್ನು ಒತ್ತು ಬೆಸೆದು ಸಿದ್ಧಮಾಡಿ ಗಂಗಾವತಿಗೆ ಕಳಿಸುತ್ತೇನೆ. ಕತ್ತರಿಸುವ ಕೂಲಿ ಮಾವನ ಮಗನಿಗೆ, ಅಕ್ಷರ ಮಾಡಿದ ಕೂಲಿ ನನಗೆ. ಈಗ ಗವಿಮಠದ ಜಾತ್ರೆಗೆ ಇನ್ನೂರು ರಥದ ಬಿಲ್ಲೆಗಳು ಲೇಸರಿನಲ್ಲಿವೆ, ಕಿನ್ನಾಳಕ್ಕೆ ಕೊಡಬೇಕಾದ ನಲವತ್ತು ಗೊಂಬೆಯ ತುಂಡುಗಳು ಗರಗಸದ ಪಕ್ಕದಲ್ಲಿ ಕಾದಿವೆ, ಸಿಎನ್‌ಸಿಯ ಮೇಲೆ ಇವತ್ತಿನ ‘ಕೃಪೆ’ಯ ಪಕಾರ ಅರ್ಧ ಮುಗಿದಿದೆ.