ತೊಳೆಯುವವಳು ಕಂಡ ಎರಡು ಬ್ರಾಂಕೋಸ್ಕೋಪ್‌ಗಳು

ಸ್ಕೋಪ್ ಕೊಳ್ಳುವ ಮುನ್ನ ಆಸ್ಪತ್ರೆಯವರು ವೈದ್ಯರನ್ನು ಕೇಳುತ್ತಾರೆ, ಲೆಕ್ಕಪತ್ರದವರನ್ನು ಕೇಳುತ್ತಾರೆ. ಅದನ್ನು ತೊಳೆಯುವವರನ್ನು ಕೇಳುವುದು ಅಪರೂಪ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ 14 ವರ್ಷಗಳಿಂದ ಸ್ಕೋಪ್‌ಗಳನ್ನು ತೊಳೆದು, ಒಣಗಿಸಿ, ನೇತುಹಾಕುತ್ತಿರುವ ನರ್ಸ್ ನಾನು. ಎರಡು ವರ್ಷಗಳಿಂದ ನಮ್ಮ ಐಸಿಯುವಿನಲ್ಲಿ ಡೆನ್ಮಾರ್ಕಿನ ಅಂಬು ಕಂಪನಿಯ ‘ಎಸ್ಕೋಪ್ 4 ಬ್ರಾಂಕೊ’ ಇದೆ. ಶ್ವಾಸನಾಳದೊಳಗೆ ಇಳಿಸಿ ನೋಡುವ, ಒಬ್ಬ ರೋಗಿಗೆ ಬಳಸಿ ಎಸೆಯುವ ಸ್ಕೋಪ್ ಅದು. ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಿಗೆ ಅಂಬು ಹೊಸ ಹೆಸರಲ್ಲ; ಉಸಿರು ನಿಂತವರಿಗೆ ಕೈಯಿಂದ ಒತ್ತಿ ಗಾಳಿ ಕೊಡುವ ಅಂಬು ಬ್ಯಾಗ್ ಇವರದೇ.

ಮೊದಲ ಬಾರಿ ಅದರ ಬೆಲೆ ತಿಳಿದದ್ದು ಒಂದು ರಾತ್ರಿ ಎರಡೂವರೆಗೆ. ವೆಂಟಿಲೇಟರ್ ಮೇಲಿದ್ದ ರೋಗಿಯ ಎಡ ಶ್ವಾಸಕೋಶ ಕಫ ಕಟ್ಟಿ ಕುಸಿದಿತ್ತು, ಆಮ್ಲಜನಕ 84ಕ್ಕೆ ಇಳಿದಿತ್ತು. ನಮ್ಮಲ್ಲಿದ್ದ ಮರುಬಳಕೆಯ ಸ್ಕೋಪ್ ಒಂದೇ ಒಂದು. ಸ್ವಲ್ಪ ಮುಂಚೆ ಕ್ಷಯದ ಶಂಕೆಯಿದ್ದವರೊಬ್ಬರಿಗೆ ಬಳಸಿದ್ದ ಅದು ಆಗಿನ್ನೂ ದ್ರಾವಣದಲ್ಲಿ ಮುಳುಗಿತ್ತು. ಎಸ್ಕೋಪಿನ ಪೊಟ್ಟಣ ಹರಿದು, ತಂತಿಯನ್ನು ಮಾನಿಟರಿಗೆ ಸಿಕ್ಕಿಸಿದೆ. ಎರಡು ನಿಮಿಷದಲ್ಲಿ ವೈದ್ಯರು ಒಳಗಿದ್ದರು. ಅಂಟಂಟಾದ ಕಫದ ಗಟ್ಟಿ ಸಕ್ಷನ್ ಬಾಟಲಿಗೆ ಬಂದು ಬಿತ್ತು. ಆಮ್ಲಜನಕ 95ಕ್ಕೆ ಏರುವವರೆಗೆ ಯಾರೂ ಮಾತನಾಡಲಿಲ್ಲ.

ಆ ಹೊತ್ತಿನಲ್ಲಿ ದ್ರಾವಣದಿಂದ ಸ್ಕೋಪನ್ನು ಬೇಗನೆ ಎತ್ತಿ ಕೊಡು ಎಂದು ಯಾರಾದರೂ ಹೇಳಿದ್ದರೆ? ಹಾಗೆ ಹೇಳುವವರಿದ್ದಾರೆ. ಆದ್ದರಿಂದ ತೊಳೆಯುವುದೆಂದರೆ ಏನೆಂದು ವಿವರವಾಗಿ ಹೇಳಬೇಕು.

ರೋಗಿಯ ಮಂಚದ ಪಕ್ಕದಲ್ಲೇ, ಕಫ ಒಣಗುವ ಮೊದಲೇ, ಸ್ಕೋಪನ್ನು ಒರೆಸಿ ಎನ್‌ಜೈಮ್ ದ್ರಾವಣವನ್ನು ಅದರ ನಾಳದ ಮೂಲಕ ಎಳೆಯಬೇಕು. ನಂತರ ಲೀಕ್ ಟೆಸ್ಟ್: ಒಳಗೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ, ತುದಿಯನ್ನು ಎಲ್ಲ ಕಡೆಗೂ ಬಾಗಿಸುತ್ತ ಗುಳ್ಳೆಗಾಗಿ ಕಾಯಬೇಕು. ಒಂದು ಗುಳ್ಳೆ ಎದ್ದರೂ ಆ ಸ್ಕೋಪ್ ದುರಸ್ತಿಗೆ ಹೋಗಬೇಕು. ಆಮೇಲೆ ಎರಡು ಮಿಲಿಮೀಟರ್ ಚಿಲ್ಲರೆ ಅಗಲದ ನಾಳದೊಳಗೆ ಬ್ರಷ್ ತೂರಿಸಿ, ಅದು ಶುಭ್ರವಾಗಿ ಹೊರಬರುವ ತನಕ ಉಜ್ಜಬೇಕು. ತೊಳೆದು, ಓಪಿಎ ಎಂಬ ರೋಗಾಣುನಾಶಕದ 0.55 ಶೇಕಡಾ ದ್ರಾವಣದಲ್ಲಿ ಪೂರ್ತಿ ಮುಳುಗಿಸಿ, ಗಡಿಯಾರ ನೋಡಿ 12 ನಿಮಿಷ. ದ್ರಾವಣಕ್ಕೆ ಶಕ್ತಿ ಉಳಿದಿದೆಯೇ ಎಂದು ಪ್ರತಿ ಸಲವೂ ಪರೀಕ್ಷೆಯ ಪಟ್ಟಿ ಅದ್ದಿ ನೋಡಬೇಕು. ಕೈಗವಸು ಹರಿದರೆ ಬೆರಳಿಗೆ ಬೂದು ಕಲೆ ಕೂರುತ್ತದೆ. ಅದೇ ದ್ರಾವಣ ಸ್ಕೋಪಿನಲ್ಲಿ ಉಳಿದರೆ ರೋಗಿಯ ಒಳಪೊರೆ ಏನಾಗಬೇಡ? ಹಾಗಾಗಿ ಮತ್ತೆ ಮತ್ತೆ ತೊಳೆಯಬೇಕು. ಕೊನೆಗೆ ನಾಳಕ್ಕೆ 70 ಶೇಕಡಾ ಆಲ್ಕೋಹಾಲ್ ಬಿಟ್ಟು, ಗಾಳಿ ಹಾಯಿಸಿ ಒಣಗಿಸಿ, ನೇರವಾಗಿ ತೂಗುಹಾಕಬೇಕು.

ಅವಸರದಲ್ಲಿ ಮೊದಲು ಬಲಿಯಾಗುವುದು ಈ ಒಣಗಿಸುವಿಕೆ. ನಾಳದಲ್ಲಿ ಉಳಿದ ಒಂದು ಹನಿ ನೀರಿನಲ್ಲಿ ರಾತ್ರಿ ಕಳೆಯುವುದರೊಳಗೆ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ನಲ್ಲಿ ನೀರಿನಲ್ಲಿರುವ, ಕ್ಷಯದ ರೋಗಾಣುವಿನ ದಾಯಾದಿಗಳಂಥ ಸೂಕ್ಷ್ಮಾಣುಗಳು ಸ್ಕೋಪಿನಲ್ಲಿ ಉಳಿದರೆ, ಮುಂದಿನ ರೋಗಿಯ ಮಾದರಿಯಲ್ಲಿ ಅವು ಕಾಣಿಸಿಕೊಳ್ಳಬಹುದು. ಇಲ್ಲದ ರೋಗಕ್ಕೆ ತಿಂಗಳುಗಟ್ಟಲೆ ಮಾತ್ರೆ ನುಂಗುವ ಪಾಡು ಯಾರಿಗೂ ಬರಬಾರದು.

ಇದು ಸಣ್ಣ ಊರಿನ ಆಸ್ಪತ್ರೆಗಳ ತೊಂದರೆ ಮಾತ್ರ ಎಂದುಕೊಳ್ಳಬೇಡಿ. ಪಿತ್ತನಾಳಕ್ಕೆ ಇಳಿಸುವ ಡ್ಯುಯೊಡಿನೊಸ್ಕೋಪಿನ ತುದಿಯಲ್ಲಿ ಮೇಲೆ ಕೆಳಗೆ ಆಡುವ ಒಂದು ಪುಟ್ಟ ಭಾಗವಿದೆ. ಅದರ ಸಂದಿಗಳನ್ನು ಶುಚಿಮಾಡುವುದು ಎಷ್ಟು ಕಷ್ಟವೆಂದರೆ, ಔಷಧಿಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಅದರ ಮೂಲಕ ರೋಗಿಯಿಂದ ರೋಗಿಗೆ ಹರಡಿ ಅಮೆರಿಕದಲ್ಲಿ ಸಾವುಗಳೇ ಆದವು. ಔಷಧಿ, ವೈದ್ಯಕೀಯ ಉಪಕರಣಗಳ ಮೇಲೆ ಕಣ್ಣಿಡುವ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಡಿಎ 2015ರಲ್ಲಿ ಎಚ್ಚರಿಕೆ ಕೊಟ್ಟಿತು, 2019ರ ಡಿಸೆಂಬರಿನಲ್ಲಿ ಪೂರ್ತಿ ಎಸೆಯಬಹುದಾದ ಮೊದಲ ಡ್ಯುಯೊಡಿನೊಸ್ಕೋಪಿಗೆ ಅನುಮತಿ ನೀಡಿತು. ಸೋಂಕು ಹರಡುವ ಅಪಾಯ ಹೆಚ್ಚಿರುವ ಕಡೆ ಒಮ್ಮೆ ಬಳಸುವ ಬ್ರಾಂಕೋಸ್ಕೋಪನ್ನು ಪರಿಗಣಿಸಿ ಎಂದು 2021ರಲ್ಲಿ ಹೇಳಿತು.

ಹಾಗೆಂದು ಹಗಲಿನಲ್ಲಿ ಮೊದಲೇ ನಿಗದಿಯಾದ ಪರೀಕ್ಷೆಗಳಿಗೆ ಎಸ್ಕೋಪ್ ಬೇಕೆಂದು ನಾನು ಕೇಳುವುದಿಲ್ಲ. ಕಫ ತೆಗೆಯಲು, ಮಾದರಿ ಪಡೆಯಲು, ಉಸಿರಾಟದ ಕೊಳವೆ ಸರಿಯಾದ ಜಾಗದಲ್ಲಿದೆಯೇ ಎಂದು ನೋಡಲು ಅದರ ಚಿತ್ರ ಸಾಕು. ಆದರೆ ಒಳಪೊರೆಯ ತೆಳು ಕೆಂಪಿಗೂ ಅನುಮಾನದ ಕೆಂಪಿಗೂ ಇರುವ ಅಂತರವನ್ನು ನಮ್ಮ ಹಳೆಯ ಸ್ಕೋಪ್ ತೋರಿಸಿದಷ್ಟು ಇದು ತೋರಿಸುವುದಿಲ್ಲ. ಗಡ್ಡೆ ಹುಡುಕುವಾಗ ವೈದ್ಯರು ಹಳೆಯದನ್ನೇ ಕೇಳುತ್ತಾರೆ. ಅವರ ಮಾತು ಸರಿ.

ಖರ್ಚಿನ ಮಾತು. ಎಸ್ಕೋಪಿನ ಸಾವಿರಾರು ರೂಪಾಯಿ ಒಬ್ಬರ ಬಿಲ್ಲಿನಲ್ಲಿ ಒಂದೇ ಸಾಲಾಗಿ ಕಾಣುತ್ತದೆ. ಮರುಬಳಕೆಯ ಸ್ಕೋಪಿನ ದುರಸ್ತಿ, ದ್ರಾವಣ, ಬ್ರಷ್, ನನ್ನ ಸಂಬಳ ಎಲ್ಲವೂ ಹಂಚಿಹೋಗಿ ಕಣ್ಣಿಗೆ ಬೀಳುವುದಿಲ್ಲ. ಅಣ್ಣಿಗೇರಿ ಕಡೆಯ ರೈತರೊಬ್ಬರ ಮಗ ಬಿಲ್ ಹಿಡಿದು ಬಂದು, “ಸಿಸ್ಟರ್, ಇದನ್ನು ತೊಳೆದು ಮತ್ತೆ ಬಳಸಲು ಬರುವುದಿಲ್ಲವೇ?” ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ತೊಳೆಯುವುದನ್ನು ತಾಳಿಕೊಳ್ಳುವಂತೆ ಅದನ್ನು ಕಟ್ಟಿಲ್ಲ, ಲೀಕ್ ಟೆಸ್ಟ್ ಮಾಡಲು ಅದಕ್ಕೆ ಕಿಂಡಿಯೇ ಇಲ್ಲ, ಒಳಗೆ ಕಫ ಸೇರಿದೆಯೇ ಎಂದು ತಿಳಿಯುವ ದಾರಿಯಿಲ್ಲ ಎಂದೆ. ಅವರಿಗೆ ಅರ್ಥವಾಯಿತು. ಇದೇ ಪ್ರಶ್ನೆಯನ್ನು ಹಿಂದೊಮ್ಮೆ ಬೇರೊಂದು ಕಡೆ, ಎಲ್ಲ ಬಲ್ಲವರೊಬ್ಬರು ಪ್ರಶ್ನೆಯಾಗಿ ಅಲ್ಲ, ಸೂಚನೆಯಾಗಿ ಹೇಳಿದ್ದರು. ನಾನು ಒಪ್ಪಲಿಲ್ಲ. ಒಮ್ಮೆ ಬಳಸುವ ಸ್ಕೋಪನ್ನು ತೊಳೆದು ಎರಡನೆಯವರ ಶ್ವಾಸಕೋಶಕ್ಕೆ ಇಳಿಸುವುದು, ಎರಡೂ ಬಗೆಯ ಸ್ಕೋಪ್‌ಗಳ ಕೆಡುಕುಗಳನ್ನು ಒಟ್ಟುಗೂಡಿಸಿ ರೋಗಿಗೆ ಕೊಟ್ಟಂತೆ.

ಬಳಸಿದ್ದನ್ನು ಕೆಂಪು ಚೀಲಕ್ಕೆ ಹಾಕುವಾಗ ನನಗೆ ಪ್ರತಿ ಸಲ ಸಂಕಟವಾಗುತ್ತದೆ. ಅದರ ತುದಿಯಲ್ಲಿ ಕ್ಯಾಮೆರಾ ಇದೆ, ದೀಪವಿದೆ. ಹತ್ತು ನಿಮಿಷದ ಕೆಲಸ ಮುಗಿಸಿ ಎಲ್ಲವೂ ಕಸ.

ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು. ಕೈಯಲ್ಲಿ ಹಣವಿದ್ದರೆ ಮೊದಲು ಎರಡನೆಯ ಮರುಬಳಕೆಯ ಸ್ಕೋಪ್, ಒಣಗಿಸುವ ಕಪಾಟು, ರಾತ್ರಿ ಪಾಳಿಗೆ ತೊಳೆಯಲು ತರಬೇತಿ ಪಡೆದ ಇನ್ನೊಬ್ಬರು. ಎಸ್ಕೋಪ್ ಐಸಿಯುವಿನ ರಾತ್ರಿಗಳಿಗೆ, ಕ್ಷಯದ ಶಂಕೆಯಿರುವವರಿಗೆ, ಕೊಳವೆ ಹಾಕಲು ಕಷ್ಟವಾಗುವ ಗಂಟಲಿಗೆ. 5 ಮಿಲಿಮೀಟರಿನದು ನಾಲ್ಕು, ಸಣ್ಣ ಕೊಳವೆಗಳಿಗೆ 3.8ರದು ಎರಡು, ಗಟ್ಟಿ ಕಫಕ್ಕೆ 5.8ರದು ಒಂದು ನಮ್ಮ ಕಪಾಟಿನಲ್ಲಿರುತ್ತವೆ. ತಿಂಗಳ ಮೊದಲ ದಿನ ಅವಧಿ ಮುಗಿಯುವ ದಿನಾಂಕಗಳನ್ನು ನೋಡುತ್ತೇನೆ. ಮಾನಿಟರನ್ನು ಮಾತ್ರ ಯಾವಾಗಲೂ ಚಾರ್ಜಿಗೆ ಇಟ್ಟಿರಿ. ಒಂದು ರಾತ್ರಿ ಪೊಟ್ಟಣ ಹರಿದ ಮೇಲೆ ನಮ್ಮ ಮಾನಿಟರ್ ಹೊತ್ತಲಿಲ್ಲ. ಅಂದಿನಿಂದ ಪಾಳಿ ಬದಲಾಗುವಾಗ ಅದರ ದೀಪ ಹಸಿರಾಗಿದೆಯೇ ಎಂದು ನೋಡಿ ಸಹಿ ಹಾಕಲು ಒಂದು ಪುಸ್ತಕ ಇಟ್ಟಿದ್ದೇವೆ.