ಮೆದುಳಿನ ಕೀಹೋಲ್ ಆಪರೇಷನ್ ಆದ್ಮೇಲೆ ರಿಹ್ಯಾಬ್ ಸೆಂಟರಾ, ಮನೇನಾ?

ನಿಮ್ ತಂದೆಯವ್ರನ್ನ ರಿಹ್ಯಾಬ್ ಸೆಂಟರ್‌ಗೆ, ಅಂದ್ರೆ ಥೆರಪಿ ಕೊಟ್ಟು ಚೇತರಿಸೋ ಕಡೆ ಸೇರಿಸ್ಬೇಕಾ, ಇಲ್ಲ ಮನೇಲೇ ನೋಡ್ಕೋಬೇಕಾ ಅಂತ ಕೇಳಿದ್ರಿ. ಅವ್ರಿಗೆ ತಲೆಲಿ ಸಣ್ಣ ತೂತು ಮಾಡಿ ರಕ್ತದ ಗಡ್ಡೆ ತೆಗ್ದಿರೋದ್ರಿಂದ ಹೊಲಿಗೆ ಬೇಗ ಮಾಯುತ್ತೆ ನಿಜ, ಆದ್ರೆ ಮೆದುಳಿಗೆ ಆಗಿರೋ ಪೆಟ್ಟು ಅಷ್ಟು ಬೇಗ ವಾಸಿ ಆಗಲ್ಲ, ಸಾಮಾನ್ಯವಾಗಿ ಮೊದಲ 3 ತಿಂಗಳಲ್ಲೇ ಸುಧಾರಣೆ ಜಾಸ್ತಿ ಕಾಣೋದು, ಅದಕ್ಕೇ ಈಗಿನ ಆಯ್ಕೆ ಮುಖ್ಯ.

ಥೆರಪಿ ನೋಡಿದ್ರೆ ಸೆಂಟರೇ ಮುಂದು. ಫಿಸಿಯೋ, ಸ್ಪೀಚ್ ಥೆರಪಿ ಎಲ್ಲಾ ಒಂದೇ ಕಡೆ ಸಿಗುತ್ತೆ, ಮನೇಲಿ ಫಿಸಿಯೋದವರು ಬಂದುಹೋದ್ಮೇಲೆ ಉಳಿದ ವ್ಯಾಯಾಮ ನೀವೇ ಮಾಡಿಸ್ಬೇಕು.

ಆರೈಕೆ ವಿಷ್ಯದಲ್ಲಿ ನಾನು ಮೊದ್ಲು ಕೇಳೋದು ನುಂಗೋದರ ಬಗ್ಗೆ. ನುಂಗೋ ಟೆಸ್ಟ್ ಆಗೋ ತನಕ ಪ್ರೀತಿಗೆ ಅಂತ ಒಂದು ಚಮಚ ಕಾಫೀನೂ ಬಾಯಿಗೆ ಹಾಕ್ಬೇಡಿ, ಅದು ಶ್ವಾಸಕೋಶಕ್ಕೆ ಇಳಿದ್ರೆ ನ್ಯುಮೋನಿಯಾ ಆಗ್ಬಹುದು. ಊಟಕ್ಕೆ ಮೂಗಿನ ಪೈಪ್ ಇದೆ, ಎರಡೆರಡು ಗಂಟೆಗೆ ಮಗ್ಗುಲು ಬದಲಿಸ್ಬೇಕು, ಮನೇಲಿ ರಾತ್ರಿ ಎದ್ದಿರೋರು ಯಾರೂ ಇಲ್ಲ ಅಂದ್ರೆ ಸೆಂಟರ್‌ಗೇ ಸೇರ್ಸಿ.

ಖರ್ಚು ಮನೇಲಿ ಕಮ್ಮಿ, ಆದ್ರೆ ಒಬ್ರು ಕೆಲ್ಸ ಬಿಡ್ಬೇಕಾದ್ರೆ ಆ ಸಂಬಳಾನೂ ಲೆಕ್ಕಕ್ಕೆ ತಗೊಳ್ಳಿ. ಸೆಂಟರ್ ಖರ್ಚು ಇನ್ಶೂರೆನ್ಸಲ್ಲಿ ಬರುತ್ತಾ ಮೊದ್ಲೇ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನರರೋಗಿಗಳ ರಿಹ್ಯಾಬ್ ವಿಭಾಗ ಇದೆ, ವಿಚಾರಿಸಿ.

ಹಿಡ್ಕೊಂಡು ನಡೀತಾರೆ, ಬಾಯಲ್ಲೇ ಊಟ ಮಾಡ್ತಾರೆ, ಫಿಸಿಯೋ ತಪ್ಪದೆ ಬರ್ತಾರೆ ಅಂದ್ರೆ ಮನೆ ಖಂಡಿತ ಒಳ್ಳೇದು, ತಮ್ಮ ಜನರ ಮಧ್ಯೆ ಮನಸ್ಸೂ ಚೇತರಿಸ್ಕೊಳ್ಳುತ್ತೆ.

ಎಲ್ಲಿದ್ರೂ ಬಿಪಿ ದಿನಾ ಬರೆದಿಡಿ, ಡಾಕ್ಟರ್ ಹೇಳಿದ ಮಿತಿ ದಾಟಿದ್ರೆ ಫೋನ್ ಮಾಡಿ. ಜೋರು ತಲೆನೋವು, ವಾಂತಿ, ಎಬ್ಬಿಸಿದ್ರೂ ಏಳದ ಮಂಪರು ಕಂಡ್ರೆ ಬೆಳಗಾಗ್ಲಿ ಅಂತ ಕಾಯದೆ 108ಕ್ಕೆ ಕರೆ ಮಾಡಿ.